ಗೆಲುವಿನ ಅರ್ಹತೆಯೂ ಊರಿನ ಅಗತ್ಯವೂ: ತಲಕಾಡು ಸೀಮೆಯ ಚುನಾವಣೆಗಳನ್ನು ಹಿಡಿದು ಒಂದು ವಿಚಾರ

ಚುನಾವಣೆಗೆ ನಿಂತವನನ್ನು ಕುರಿತು ಕನ್ನಡದಲ್ಲಿ ರೂಢಿಯಲ್ಲಿರುವ ಶಬ್ದಗಳು ಮೂರು ನಾಲ್ಕು ಇರುವುವು. ‘ಅಭ್ಯರ್ಥಿ’ ಎಂಬುದು ಸಂಸ್ಕೃತ; ಬೇಡತಕ್ಕವನು ಎಂದು ಅರ್ಥ. ‘ಉಮೇದುವಾರ’ ಎಂಬುದು ಪಾರಸಿಯಿಂದ ಬಂದುದು. ಆಸೆಯುಳ್ಳವನು ಎಂದು ಅದರ ಅವಯವಾರ್ಥ. ‘ಹುರಿಯಾಳು’ ಎಂಬ ದೇಶ್ಯ ಶಬ್ದವನ್ನು ವೃತ್ತಪತ್ರಿಕೆಗಳು ಬಹುವಾಗಿ ಬಳಸುವುವು. ಕಾಳಗಕ್ಕೆ ಅಣಿಯಾಗಿ ನಿಂತ ಕಟ್ಟಾಳು ಎಂಬ ಭಾವವು ಅದರಲ್ಲಿದೆ. ಈ ಮೂರೂ ಶಬ್ದಗಳು ನಿಂತವನನ್ನೇ ಹೇಳುತ್ತವೆ: ಅವನ ಬೇಡಿಕೆಯನ್ನು, ಅವನ ಆಸೆಯನ್ನು, ಅವನ ಕಸುವನ್ನು. ಇವಕ್ಕೆ ಸೇರದ ನಾಲ್ಕನೆಯ ಮಾತೊಂದಿದೆ. ಅದು ‘ಗೆಲ್ಲುವ ಕುದುರೆ’. ಪಕ್ಷದ ಹಿರಿಯರು ಅಭ್ಯರ್ಥಿಯನ್ನು ಆರಿಸುವ ಕಾಲದಲ್ಲಿಯೂ, ಹಳ್ಳಿಯ ಜಗಲಿಯ ಮೇಲೆ ಜನರು ಲೆಕ್ಕ ಹಾಕುವ ಕಾಲದಲ್ಲಿಯೂ ಈ ಮಾತೇ ಮುಂದೆ ಬರುವುದು. ಇದು ನಿಂತವನ ಗುಣವನ್ನು ಹೇಳುವಂತೆ ತೋರಿದರೂ ವಾಸ್ತವವಾಗಿ ಹೇಳತಕ್ಕದ್ದು ನೋಡುವವರ ಎಣಿಕೆಯನ್ನು. ಈ ಎಣಿಕೆ ಎಂಥದು, ಊರಿನ ನೀರು ನೆರೆ ರಸ್ತೆಗಳ ಚಿಂತೆಯೊಡನೆ ಅದನ್ನು ಮತದಾರನು ಹೇಗೆ ತೂಗುತ್ತಾನೆ ಎಂಬುದೇ ಪ್ರಕೃತ ವಿಷಯ. ತಲಕಾಡು ಸೇರಿರುವ ತಿರುಮಕೂಡಲು ನರಸೀಪುರದ ಕ್ಷೇತ್ರವೂ, ಅದಕ್ಕೆ ನೆರೆಯ ನಂಜನಗೂಡಿನ ಕ್ಷೇತ್ರವೂ ಕಳೆದ ಕೆಲವು ಚುನಾವಣೆಗಳಲ್ಲಿ ಈ ವಿಚಾರಕ್ಕೆ ಒದಗಿಸಿರುವ ಸಾಮಗ್ರಿಯು ಬೇರೆ ಕಡೆ ಸುಲಭವಾಗಿ ದೊರೆಯುವಂಥದಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಆಯಾ ಸಂಸ್ಥಾನದ ಮತದಾರರೇ ಒಂದು ಪೂರ್ವಭಾವಿ ಚುನಾವಣೆಯಲ್ಲಿ ನಿರ್ಣಯಿಸುವರು. ಅದಕ್ಕೆ ಅಲ್ಲಿ ‘ಪ್ರೈಮರಿ’ ಎಂದು ಹೆಸರು. ತನಗೆ ಒಪ್ಪಿದವನಿಗೆ ಮತ ಕೊಡಬೇಕೆ, ಮುಂದಿನ ಚುನಾವಣೆಯಲ್ಲಿ ಎದುರು ಪಕ್ಷದವನನ್ನು ಸೋಲಿಸಬಲ್ಲವನಿಗೆ ಕೊಡಬೇಕೆ ಎಂಬ ಇಬ್ಬಂದಿಯು ಅಲ್ಲಿಯ ಮತದಾರನಿಗೆ ಸ್ಪಷ್ಟವಾಗಿಯೇ ಎದುರಾಗುತ್ತದೆ. ಇಂಡಿಯಾ ದೇಶದಲ್ಲಿ ಅಂತಹ ಶಾಸನವಿಲ್ಲ. 1968ರ ಚಿಹ್ನೆಗಳ ಆದೇಶಕ್ಕೆ ಅನುಸಾರವಾಗಿ ಪಕ್ಷದ ಅಧಿಕೃತನು ಸಹಿ ಮಾಡಿ ಕೊಡುವ ‘ಬಿ ಫಾರಂ’ ಯಾರ ಕೈಗೆ ಬಂದಿತೋ ಅವನೇ ಪಕ್ಷದ ಅಭ್ಯರ್ಥಿ. ಆದಕಾರಣ ಅಲ್ಲಿ ಒಬ್ಬನೇ ಮತದಾರನ ಮನಸ್ಸಿನಲ್ಲಿ ನಡೆಯುವ ವಿಚಾರವು ಇಲ್ಲಿ ಎರಡು ಕಡೆಗೆ ಹಂಚಿಹೋಗಿದೆ. ‘ಇವನು ಗೆಲ್ಲುವನೆ?’ ಎಂದು ಮೊದಲು ಕೇಳುವವರು ಟಿಕೆಟ್ಟು ಕೊಡುವ ಹಿರಿಯರು. ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳುವವನು ಮತದಾರ. ಆದರೆ ಅವನು ಕೇಳುವಾಗ ಆಯ್ಕೆಯ ಹರವು ಆಗಲೇ ಕಿರಿದಾಗಿರುತ್ತದೆ.

‘ಮತ’ ಎಂಬ ಶಬ್ದವನ್ನೇ ಸ್ವಲ್ಪ ನಿಂತು ನೋಡುವುದು ಸಾಹಿತ್ಯದ ಉಪಾಧ್ಯಾಯರಿಗೆ ಅಪ್ರಿಯವಾಗಲಾರದು. ಮನ್ ಧಾತುವಿಗೆ ಕ್ತ ಪ್ರತ್ಯಯ ಬಂದು ಆದ ರೂಪವಿದು. ಕ್ತ ಪ್ರತ್ಯಯವು ಸಾಮಾನ್ಯವಾಗಿ ಭೂತಕಾಲವನ್ನು ಹೇಳತಕ್ಕದ್ದು. ಆದರೆ ಮತಿ, ಬುದ್ಧಿ, ಪೂಜೆ ಎಂಬ ಅರ್ಥಗಳುಳ್ಳ ಧಾತುಗಳ ಮೇಲೆ ಅದು ವರ್ತಮಾನದಲ್ಲಿಯೂ ಬರುವುದೆಂದು ಪಾಣಿನಿಯು ವಿಧಿಸಿದ್ದಾನೆ. ಅಲ್ಲಿ ಮತಿ ಎಂದರೆ ಇಚ್ಛೆ ಎಂದು ವೃತ್ತಿಕಾರರ ವಿವರಣೆ. ‘ರಾಜರಿಗೆ ಮತನಾದವನು’ ಎಂದರೆ ರಾಜರು ಈಗ ಬಯಸುತ್ತಿರುವವನು. ಹೀಗೆ ವ್ಯಾಕರಣದ ಬಲದಿಂದ ನೋಡುವುದಾದರೆ ಮತವೆಂಬುದು ಇಂದಿನ ಇಚ್ಛೆ, ನಾಳೆಯ ಊಹೆಯಲ್ಲ. ಗೆಲ್ಲುವ ಕುದುರೆಯನ್ನು ಹುಡುಕುವವನು ಮತವನ್ನು ಊಹೆಯನ್ನಾಗಿ ಮಾರ್ಪಡಿಸಿಕೊಂಡಿರುತ್ತಾನೆ. ಶಬ್ದದ ಮೂಲಾರ್ಥಕ್ಕೆ ಲೋಕವು ಕಟ್ಟುಬಿದ್ದಿರಬೇಕೆಂಬ ನಿಯಮವೇನೂ ಇಲ್ಲವಾದರೂ, ಎರಡರ ಭೇದವನ್ನು ಗುರುತಿಸುವುದಕ್ಕೆ ಇದು ಒಳ್ಳೆಯ ಮೊದಲು.

ಇನ್ನು ಗೆಲುವಿನ ಅರ್ಹತೆಯೆಂಬುದು ಯಾವ ಜಾತಿಯ ಧರ್ಮ? ಎತ್ತರ, ಬಣ್ಣ, ವಿದ್ಯೆ ಇವು ಮನುಷ್ಯನಲ್ಲಿ ಸಮವಾಯದಿಂದ ಇರತಕ್ಕವು, ನೋಡುವವರಿಲ್ಲದಿದ್ದರೂ ಇರುವುವು. ವೈಶೇಷಿಕರು ‘ದ್ವಿತ್ವ’ ಮೊದಲಾದ ಸಂಖ್ಯೆಗಳ ವಿಷಯದಲ್ಲಿ ಬೇರೊಂದು ಮಾತು ಹೇಳುತ್ತಾರೆ. ಇದೊಂದು, ಇದೊಂದು ಎಂದು ಒಟ್ಟಿಗೆ ಎಣಿಸುವ ಬುದ್ಧಿಗೆ ಅಪೇಕ್ಷಾಬುದ್ಧಿ ಎಂದು ಹೆಸರು. ಆ ಬುದ್ಧಿಯಿಂದ ದ್ವಿತ್ವವು ಹುಟ್ಟುತ್ತದೆ, ಆ ಬುದ್ಧಿ ನಾಶವಾದೊಡನೆ ಅದೂ ನಾಶವಾಗುತ್ತದೆ ಎಂಬುದು ಅವರ ಪ್ರಕ್ರಿಯೆ. ಗೆಲುವಿನ ಅರ್ಹತೆಯೂ ಈ ವರ್ಗಕ್ಕೆ ಸೇರಿದುದು. ಜನರು ತಮ್ಮ ತಮ್ಮೊಳಗೆ ‘ಅವರು ಕೊಡುವರು, ಇವರು ಕೊಡುವರು’ ಎಂದು ಎಣಿಸಿದಷ್ಟು ಕಾಲ ಅದು ಉಂಟು. ಎಣಿಕೆ ಕೆಟ್ಟಾಗ ಅದೂ ಇಲ್ಲ. ಇಷ್ಟೇ ಆಗಿದ್ದರೆ ಬಾಧಕವಿರಲಿಲ್ಲ. ಇದರಲ್ಲಿ ಅನ್ಯೋನ್ಯಾಶ್ರಯವೆಂಬ ದೋಷವೂ ಸೇರಿಕೊಂಡಿದೆ: ಜನರು ಮತ ಕೊಡುವರಾದುದರಿಂದ ಅವನು ಗೆಲ್ಲುವನು; ಅವನು ಗೆಲ್ಲುವನಾದುದರಿಂದ ಜನರು ಮತ ಕೊಡುವರು. ತರ್ಕದಲ್ಲಿ ದೋಷವಾದುದು ಲೋಕದಲ್ಲಿ ಕೆಲಸ ಮಾಡುವುದಿಲ್ಲವೆಂದು ತಿಳಿಯಬಾರದು. ಗೆದ್ದೆತ್ತಿನ ಬಾಲ ಹಿಡಿಯುವುದೆಂಬ ಗಾದೆಯಿದೆಯಷ್ಟೆ. ಎತ್ತು ಗೆಲ್ಲುವುದಕ್ಕೆ ಮುಂಚೆಯೇ ಬಾಲ ಹಿಡಿಯುವವರು ಸಾಕಷ್ಟು ಮಂದಿ ಸೇರಿದರೆ ಎತ್ತು ಗೆದ್ದೇಬಿಡುತ್ತದೆ.

ಈ ದೋಷಕ್ಕೆ ಎಡೆಯೇ ಇಲ್ಲದಂತಹ ಆಯ್ಕೆಯ ಕ್ರಮವೊಂದು ದಕ್ಷಿಣ ದೇಶದಲ್ಲಿ ಇದ್ದಿತೆಂಬುದು ಶಾಸನಜ್ಞರಿಗೆ ವಿದಿತವೇ ಆಗಿದೆ. ಗಂಗರ ತಲವನಪುರವಾದ ತಲಕಾಡು ಕ್ರಿ. ಶ. 1004ರ ಸುಮಾರಿನಲ್ಲಿ ಚೋಳರ ವಶವಾಗಿ ರಾಜರಾಜಪುರವೆಂಬ ಹೆಸರನ್ನು ಪಡೆಯಿತು. 1116-17ರ ಸುಮಾರಿನಲ್ಲಿ ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು ‘ತಲಕಾಡುಗೊಂಡ’ನಾದನು. ಆ ಚೋಳರ ನಾಡಿನ ಉತ್ತರಮೇರೂರಿನಲ್ಲಿ ಒಂದನೆಯ ಪರಾಂತಕನ ಕಾಲದ 919, 921ರ ಶಾಸನಗಳು ಊರಿನ ವಾರಿಯಗಳಿಗೆ ಸದಸ್ಯರನ್ನು ಆರಿಸುವ ಬಗೆಯನ್ನು ಹೇಳುತ್ತವೆ. ತೆರಿಗೆ ತೆರುವ ಕಾಲು ವೇಲಿ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, 35ಕ್ಕೆ ಮೇಲೆ 70ಕ್ಕೆ ಒಳಗೆ ವಯಸ್ಸು, ವೇದಜ್ಞಾನ ಇವು ಬೇಕು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ನಂಟರೂ ಸಲ್ಲರು. ಉಳಿದವರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕಿ ಎಳೆಯ ಹುಡುಗನಿಂದ ಎತ್ತಿಸುವುದು. ತಲಕಾಡಿನಲ್ಲಿಯೂ ಹಾಗೆಯೇ ನಡೆಯಿತೆಂದು ಹೇಳಲು ಆಧಾರವಿಲ್ಲ. ಹೋಲಿಕೆಗಾಗಿ ಮಾತ್ರ ಇದನ್ನು ಇಲ್ಲಿ ತಂದುದು. ಕೊಡದೋಲೆಯಲ್ಲಿ ಯೋಗ್ಯತೆಯ ವಿಚಾರವುಂಟು, ಗೆಲುವಿನ ವಿಚಾರವಿಲ್ಲ. ಹುಡುಗನ ಕೈ ಯಾರ ಕಡೆಗೂ ವಾಲುವುದಿಲ್ಲವಾದುದರಿಂದ ಯಾರ ಕೈ ಯಾವ ಕಡೆ ವಾಲುವುದೆಂದು ಊಹಿಸುವ ಶ್ರಮವೇ ಇಲ್ಲ. ಆದರೆ ಇಚ್ಛೆಗೂ ಅಲ್ಲಿ ಎಡೆಯಿಲ್ಲ. ಓಲೆ ಹೋಗಿ ಮತ ಬಂದಾಗ ಇಚ್ಛೆಯೊಡನೆ ಊಹೆಯೂ ಬಂದು ಸೇರಿತು.

ಮೈಸೂರು ಸಂಸ್ಥಾನದಲ್ಲಿ ಈ ಬರವು ಮೆಲ್ಲಮೆಲ್ಲನೆ ಆಯಿತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ದಸರೆಯ ಕಾಲಕ್ಕೆ ಕೂಡಿಸಿದಾಗ ಸದಸ್ಯರು ಆಹ್ವಾನಿತರೇ ಹೊರತು ಚುನಾಯಿತರಲ್ಲ. ಚುನಾವಣೆಯ ಹಕ್ಕು ಬಂದುದು 1891ರಲ್ಲಿ, ಅದೂ ಆಸ್ತಿ ವಿದ್ಯೆಗಳುಳ್ಳ ಕೆಲವರಿಗೆ. ಶಾಸನದ ಆಧಾರವು ದೊರೆತುದು 1923ರಲ್ಲಿ. ಆ ಸಭೆಯು 1949ರಲ್ಲಿ ಮುಗಿಯುವವರೆಗೂ ಅದರ ಮುಖ್ಯ ಕಾರ್ಯವೊಂದು ತಾಲ್ಲೂಕು ತಾಲ್ಲೂಕಿನ ಅಹವಾಲುಗಳನ್ನು ಸರ್ಕಾರದ ಕಿವಿಗೆ ಹಾಕುವುದು: ಇಂತಹ ಕೆರೆ ಒಡೆದಿದೆ, ಇಂತಹ ರಸ್ತೆಗೆ ಸೇತುವೆ ಬೇಕು, ಇಂತಹ ಕಂದಾಯ ಹೊರೆಯಾಗಿದೆ. ಮೊದಮೊದಲು ಸದಸ್ಯನ ಕೈಯಲ್ಲಿ ಅಧಿಕಾರವಿರಲಿಲ್ಲ. ಆದಕಾರಣ ಅವನು ಗೆಲ್ಲುವನೋ ಸೋಲುವನೋ ಎಂಬುದಕ್ಕಿಂತ ಊರಿನ ಅಹವಾಲನ್ನು ನೆಟ್ಟಗೆ ಹೇಳಬಲ್ಲನೋ ಎಂಬುದೇ ದೊಡ್ಡದಾಗಿದ್ದಿತು. ಸರ್ಕಾರವನ್ನು ಕಟ್ಟುವ ಕೆಡಹುವ ಬಲವು ಶಾಸನಸಭೆಗೆ ಬಂದ ಮೇಲೆ ತೂಕ ಬದಲಾಯಿತು. ಗೆದ್ದವನು ಆಳುವ ಪಕ್ಷದವನಾದರೆ ಊರಿಗೆ ಕಾಲುವೆ ಬರುವುದು, ಎದುರು ಪಕ್ಷದವನಾದರೆ ಅಹವಾಲು ಮಾತ್ರ ಉಳಿಯುವುದು ಎಂಬ ಭಾವನೆ ಬೇರೂರಿತು. ಸರಿಯಾಗಿ ನೋಡಿದರೆ ಗೆಲುವಿನ ಎಣಿಕೆಯು ಊರಿನ ಚಿಂತೆಗೆ ಹೊರಗಿನಿಂದ ಬಂದ ಶತ್ರುವಲ್ಲ. ಅದರ ಹೊಟ್ಟೆಯಲ್ಲಿಯೇ ಹುಟ್ಟಿದ ಕೂಸು.

ನಂಜನಗೂಡಿನ ಸಂಗತಿಗೆ ಬರುವ ಮುನ್ನ ಕರ್ನಾಟಕದಲ್ಲಿಯೇ ನಡೆದ ಒಂದು ಪ್ರಯೋಗವನ್ನು ಹೇಳಬೇಕು. ಅಮೆರಿಕದ ಪದ್ಧತಿಗೆ ಇಲ್ಲಿ ಅತ್ಯಂತ ಹತ್ತಿರವಾದುದು ಅದೇ. 2014ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ಪಕ್ಷವು ದೇಶದಲ್ಲಿ ಆಯ್ದ ಕೆಲವು ಕ್ಷೇತ್ರಗಳಲ್ಲಿ ಅಭ್ಯರ್ಥಿಯನ್ನು ಪ್ರೈಮರಿಯ ಮೂಲಕ ಗೊತ್ತುಪಡಿಸಲು ಹೊರಟಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಎಂಬ ಎರಡು ಕ್ಷೇತ್ರಗಳು ಅದಕ್ಕೆ ಸೇರಿದ್ದುವು. ಮತ ಹಾಕುವ ಹಕ್ಕು ಕ್ಷೇತ್ರದ ಎಲ್ಲ ಮತದಾರರಿಗೂ ಇರಲಿಲ್ಲ. ಪಕ್ಷದ ಪದಾಧಿಕಾರಿಗಳೂ ಪ್ರತಿನಿಧಿಗಳೂ ಸೇರಿದ ಸಣ್ಣ ಸಮೂಹಕ್ಕೆ ಮಾತ್ರ ಇದ್ದಿತು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಬಿ. ಜನಾರ್ದನ ಪೂಜಾರಿ ಅಭ್ಯರ್ಥಿಗಳಾದರು. ಚುನಾವಣೆಯಲ್ಲಿ ಮೊದಲನೆಯವರು ಡಿ. ವಿ. ಸದಾನಂದ ಗೌಡರಿಗೆ, ಎರಡನೆಯವರು ನಳಿನ್ ಕುಮಾರ್ ಕಟೀಲರಿಗೆ ಸೋತರು. ಆದುದರಿಂದ ಪ್ರೈಮರಿಯು ಕೆಟ್ಟ ಪದ್ಧತಿಯೆಂದು ಕೆಲವರು ಸಾಧಿಸಲು ಹೊರಟರೆ ಅದು ಹೇತ್ವಾಭಾಸ. ಆ ವರ್ಷ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದೊರೆತುದು 9. ಹಿರಿಯರೇ ಆರಿಸಿದವರೂ ಬಹುಮಂದಿ ಸೋತರು. ಪ್ರಯೋಗದಿಂದ ತಿಳಿಯತಕ್ಕದ್ದು ಬೇರೆ. ಮತ ಹಾಕುವವರು ಕೆಲವರೇ ಆಗಿ, ಅವರು ಊಹಿಸಬೇಕಾದುದು ಲಕ್ಷಾಂತರ ಜನರ ಮನಸ್ಸನ್ನು ಆದಾಗ, ಪ್ರತಿಯೊಬ್ಬನೂ ತಾನು ಕಾಣದವರ ಪರವಾಗಿ ಮಾತನಾಡತೊಡಗುವನು. ಕ್ಷೇತ್ರದ ನೀರು ನೆರಳಿನ ಮಾತು ಅಲ್ಲಿ ಮೊದಲ ಸಾಲಿನಲ್ಲಿ ಕೂಡುವುದು ಕಷ್ಟ.

ನಂಜನಗೂಡು 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ, ನರಸೀಪುರವೂ ಮೀಸಲು. ಮೀಸಲು ಕ್ಷೇತ್ರದಲ್ಲಿ ಗೆಲುವಿನ ಲೆಕ್ಕವು ಇತರ ಕ್ಷೇತ್ರಗಳಿಗಿಂತ ಭಿನ್ನ. ನಿಂತವರೆಲ್ಲರೂ ಪರಿಶಿಷ್ಟರೇ ಆಗಿರುವುದರಿಂದ ಆ ವರ್ಗದ ಮತಗಳು ಹಂಚಿಹೋಗುವುವು. ನಿರ್ಣಯವು ಬಹುಮಟ್ಟಿಗೆ ನಿಲ್ಲಲಾರದ ಇತರರ ಕೈಗೆ ಬರುವುದು. ಹೀಗಿರಲಾಗಿ ‘ನಮ್ಮವನು’ ಎಂಬ ಮಾತಿಗಿಂತ ‘ನಮ್ಮ ಊರಿಗೆ ಬಂದುಹೋಗುವವನು’ ಎಂಬ ಮಾತಿಗೆ ಅಲ್ಲಿ ಎಡೆ ಹೆಚ್ಚು. ಇದನ್ನು ಗಮನಿಸದೆ ಈ ಕ್ಷೇತ್ರಗಳನ್ನು ಜಾತಿಯ ಪಟ್ಟಿಯಿಂದಲೇ ವಿವರಿಸುವವರ ಲೆಕ್ಕ ಹಲವು ಸಾರಿ ತಪ್ಪಿದೆ.

ವಿ. ಶ್ರೀನಿವಾಸಪ್ರಸಾದರು 2008, 2013ರಲ್ಲಿ ಕಾಂಗ್ರೆಸ್ಸಿನಿಂದ ನಂಜನಗೂಡಿನಲ್ಲಿ ಗೆದ್ದವರು. ಅದಕ್ಕೆ ಮೊದಲು ಐದು ಬಾರಿ ಲೋಕಸಭೆಗೆ ಹೋದವರು, ಕೇಂದ್ರದಲ್ಲಿಯೂ ಸಚಿವರಾಗಿದ್ದವರು. 2016ರ ಜೂನಿನಲ್ಲಿ ಕಂದಾಯ ಸಚಿವ ಪದವಿಯಿಂದ ಅವರನ್ನು ಬಿಡಲಾಯಿತು. ಅಕ್ಟೋಬರಿನಲ್ಲಿ ಶಾಸಕತ್ವಕ್ಕೆ ರಾಜೀನಾಮೆಯಿತ್ತು ಭಾರತೀಯ ಜನತಾ ಪಕ್ಷವನ್ನು ಸೇರಿದರು. 2017ರ ಏಪ್ರಿಲ್ 9ರಂದು ಉಪಚುನಾವಣೆ. ಅವರಿಗೆ ಎದುರಾಗಿ ಕಾಂಗ್ರೆಸ್ಸು ನಿಲ್ಲಿಸಿದುದು ಕಳಲೆ ಎನ್. ಕೇಶವಮೂರ್ತಿಯವರನ್ನು, 2013ರಲ್ಲಿ ಜಾತ್ಯತೀತ ಜನತಾದಳದಿಂದ ನಿಂತು ಇದೇ ಪ್ರಸಾದರಿಗೆ ಸೋತವರು ಅವರು. ಜನತಾದಳವು ಈ ಸಲ ಯಾರನ್ನೂ ನಿಲ್ಲಿಸಲಿಲ್ಲ. ಒಂದು ಪಕ್ಷದ ಅಭ್ಯರ್ಥಿ ನಿನ್ನೆ ಎದುರು ಪಕ್ಷದವನು, ಇನ್ನೊಂದು ಪಕ್ಷದವನೂ ನಿನ್ನೆ ಎದುರು ಪಕ್ಷದವನು! ಪಕ್ಷನಿಷ್ಠೆಯಿಂದ ಮತ ಹಾಕುವವನಿಗೆ ಹಿಡಿಯಲು ಕೊಂಬೆಯೇ ಇಲ್ಲದ ಸ್ಥಿತಿ. ಪ್ರಸಾದರು ಸ್ವಾಭಿಮಾನದ ಮಾತನ್ನು ಮುಂದಿಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಅವರ ಸಚಿವರೂ ಕ್ಷೇತ್ರದಲ್ಲಿ ಬೀಡುಬಿಟ್ಟು ಸರ್ಕಾರದ ಕೆಲಸಗಳನ್ನು ಹೇಳಿಕೊಂಡರು. ಕೇಶವಮೂರ್ತಿಯವರು 21,334 ಮತಗಳ ಅಂತರದಿಂದ ಗೆದ್ದರು.

ದೀರ್ಘಕಾಲದ ಕೀರ್ತಿಯೇ ಗೆಲುವಿನ ಅರ್ಹತೆಯಾಗಿದ್ದರೆ ಈ ಫಲ ಬರಬಾರದಾಗಿತ್ತು. ಒಂದು ವರ್ಷ ಮಾತ್ರ ಉಳಿದಿದ್ದ ವಿಧಾನಸಭೆಗೆ ಆಳುವ ಪಕ್ಷದವನನ್ನು ಕಳುಹಿಸಿದರೆ ಆ ವರ್ಷದಲ್ಲಿ ಊರಿನ ಕೆಲಸವಾದೀತೆಂದು ಜನರು ಲೆಕ್ಕ ಹಾಕಿದರೆಂಬ ವ್ಯಾಖ್ಯಾನವು ಆಗ ಕೇಳಿಬಂದಿತು. ಅದು ಯುಕ್ತವಾಗಿ ತೋರುತ್ತದೆ. ಆದರೆ ಮತದ ಮೊತ್ತವು ಮತದ ಕಾರಣವನ್ನು ಹೇಳಲಾರದೆಂಬುದನ್ನು ಮರೆಯಲಾಗದು. 2018ರ ಮೇ ತಿಂಗಳ ಚುನಾವಣೆಯಲ್ಲಿ ಅದೇ ಕೇಶವಮೂರ್ತಿಯವರು ಪ್ರಸಾದರ ಅಳಿಯ ಬಿ. ಹರ್ಷವರ್ಧನರಿಗೆ 12,479 ಮತಗಳಿಂದ ಸೋತರು. ಹದಿಮೂರು ತಿಂಗಳಲ್ಲಿ ಒಬ್ಬನ ವಿದ್ಯೆ, ನಡತೆ, ಮನೆತನ ಬದಲಾಗುವುದಿಲ್ಲ. ಬದಲಾದುದು ಜನರ ಪರಸ್ಪರದ ಎಣಿಕೆ. ಉಪಚುನಾವಣೆಯಲ್ಲಿ ಸರ್ಕಾರ ಯಾರದೆಂಬುದು ಕಣ್ಣಮುಂದೆ ಇದ್ದಿತು, 2018ರಲ್ಲಿ ಅದೇ ಊಹಿಸಬೇಕಾದ ವಸ್ತುವಾಗಿದ್ದಿತು. ಇನ್ನೂ ವಿಚಿತ್ರವಾದುದು 2019ರಲ್ಲಿ ನಡೆಯಿತು. ನಂಜನಗೂಡು, ನರಸೀಪುರಗಳನ್ನು ಒಳಗೊಂಡು ಎಂಟು ವಿಧಾನಸಭಾ ಕ್ಷೇತ್ರಗಳುಳ್ಳ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ, ತಮ್ಮ ಊರಿನ ಉಪಚುನಾವಣೆಯಲ್ಲಿ ಸೋತಿದ್ದ ಪ್ರಸಾದರೇ ಅಲ್ಲಿಯ ಸದಸ್ಯರಾಗಿದ್ದ ಆರ್. ಧ್ರುವನಾರಾಯಣರನ್ನು 1,817 ಮತಗಳಿಂದ ಸೋಲಿಸಿದರು. ಮನುಷ್ಯ ಒಬ್ಬನೇ, ಎಣಿಸುವವರ ಸಮೂಹ ಬೇರೆ, ಎಣಿಕೆಯ ವಿಷಯ ಬೇರೆ.

ನರಸೀಪುರದ ಕಥೆಯಲ್ಲಿ ಅಂಕಿಗಳ ಏರಿಳಿತವು ಇದಕ್ಕಿಂತ ತೀವ್ರವಾಗಿದೆ. 2013ರಲ್ಲಿ ಎಚ್. ಸಿ. ಮಹದೇವಪ್ಪನವರು ಅಲ್ಲಿ ಗೆದ್ದುದು 323 ಮತಗಳಿಂದ. ಆಮೇಲೆ ಐದು ವರ್ಷ ಅವರು ಲೋಕೋಪಯೋಗಿ ಸಚಿವರು. ರಸ್ತೆ ಸೇತುವೆಗಳ ಖಾತೆಯೇ ಅವರದು. ಊರಿನ ಕೆಲಸವೇ ಮತವನ್ನು ತರುವುದೆಂಬ ಪಕ್ಷವು ಸಿದ್ಧವಾಗಿದ್ದರೆ 2018ರಲ್ಲಿ ಅಂತರ ಹೆಚ್ಚಬೇಕಾಗಿದ್ದಿತು. ಆದುದು ವಿಪರೀತ: ಜನತಾದಳದ ಎಂ. ಅಶ್ವಿನ್ ಕುಮಾರರು 28,478 ಮತಗಳಿಂದ ಗೆದ್ದರು. ಅದೇ ದಿನದ ಮತದಾನದಲ್ಲಿ ನೆರೆಯ ಚಾಮುಂಡೇಶ್ವರಿಯಲ್ಲಿ ಸ್ವತಃ ಮುಖ್ಯಮಂತ್ರಿಗಳೇ 36,000ಕ್ಕೂ ಮಿಕ್ಕ ಅಂತರದಿಂದ ಜನತಾದಳದ ಜಿ. ಟಿ. ದೇವೇಗೌಡರಿಗೆ ಸೋತುದನ್ನು ಇದರೊಡನೆ ಓದಬೇಕು, ಗಾಳಿ ಒಂದೂರಿನದಾಗಿರಲಿಲ್ಲ. 2023ರಲ್ಲಿ ಮಹದೇವಪ್ಪನವರು ಅಶ್ವಿನ್ ಕುಮಾರರನ್ನೇ 18,619 ಮತಗಳಿಂದ ಹಿಂದಿಕ್ಕಿದರು.

ಆ 2023ರ ಟಿಕೆಟ್ಟಿನ ಸಂದರ್ಭವು ಪ್ರಕೃತಕ್ಕೆ ಇನ್ನೂ ಹತ್ತಿರವಾದುದು. ನಂಜನಗೂಡಿನ ಕಾಂಗ್ರೆಸ್ ಟಿಕೆಟ್ಟಿನ ಮೇಲೆ ಧ್ರುವನಾರಾಯಣರಿಗೂ ಮಹದೇವಪ್ಪನವರಿಗೂ ಕಣ್ಣಿದ್ದಿತು. ಶಾಸನದಲ್ಲಿ ಪ್ರೈಮರಿ ಇಲ್ಲದಿದ್ದರೂ ಇದು ಪ್ರೈಮರಿಯೇ: ಒಂದೇ ಪಕ್ಷ, ಇಬ್ಬರು ಹಿರಿಯರು, ಒಂದು ಸ್ಥಾನ, ಗೆಲ್ಲುವವರು ಯಾರೆಂಬ ವಾದ. 2023ರ ಮಾರ್ಚ್ 11ರಂದು ಧ್ರುವನಾರಾಯಣರು ತೀರಿಕೊಂಡರು. ಮಹದೇವಪ್ಪನವರು ನಂಜನಗೂಡನ್ನು ಬಿಟ್ಟುಕೊಟ್ಟು ನರಸೀಪುರಕ್ಕೆ ಹಿಂದಿರುಗಿದರು. ಮೃತರ ಮಗ ದರ್ಶನರಿಗೆ ಟಿಕೆಟ್ಟು ದೊರೆಯಿತು. ಜನತಾದಳವು ಅವರಿಗೆ ಎದುರಾಗಿ ಯಾರನ್ನೂ ನಿಲ್ಲಿಸಲಿಲ್ಲ. ಅವರ ಗೆಲುವಿನ ಅಂತರ 47,607. ಇಲ್ಲಿ ಅನುಕಂಪವು ಗೆಲ್ಲಿಸಿತೆಂದು ಎಲ್ಲರೂ ಹೇಳುವರು. ಅದನ್ನು ಅಲ್ಲಗಳೆಯುವ ಕಾರಣವಿಲ್ಲ. ಆದರೆ ಅನುಕಂಪವೂ ಒಂದು ಎಣಿಕೆಯ ಹೇತುವೇ. ನನ್ನಂತೆ ನೆರೆಯವನೂ ಮರುಗಿರುವನು ಎಂಬ ತಿಳಿವು ಊರಿನಲ್ಲಿ ಒಮ್ಮೆಗೇ ಹರಡಿದಾಗ ಅನ್ಯೋನ್ಯಾಶ್ರಯದ ಚಕ್ರವು ವಾದವಿಲ್ಲದೆ ತಿರುಗಿಬಿಡುತ್ತದೆ. ಮಹದೇವಪ್ಪನವರು ಹಿಂದೆ ಸೋತ ಊರಿಗೇ ಹೋಗಿ ಗೆದ್ದುದೂ ಗಮನಾರ್ಹ. ಟಿಕೆಟ್ಟಿನ ಪೈಪೋಟಿಯಲ್ಲಿ ಸುಲಭವೆಂದು ಎಣಿಸಿದುದು ಸುಲಭವಲ್ಲದೆಯೂ, ಕಷ್ಟವೆಂದು ಎಣಿಸಿದುದು ಕಷ್ಟವಲ್ಲದೆಯೂ ಇರಬಹುದು.

ಇಷ್ಟಾದರೆ ಊರಿನ ವಿಷಯಗಳಿಗೆ ಬಲವೇ ಇಲ್ಲವೆ? ಉಂಟು, ಆದರೆ ಅದು ಕೆಲಸ ಮಾಡುವ ಬಗೆ ಬೇರೆ. ತಲಕಾಡಿನ ಹೆಸರು ಕೇಳಿದೊಡನೆ ಹೊರಗಿನವರಿಗೆ ನೆನಪಾಗುವುದು ಮರಳು, ಅಲಮೇಲಮ್ಮನ ಶಾಪ, ಕೆಲವು ವರ್ಷಗಳಿಗೊಮ್ಮೆ ಬರುವ ಪಂಚಲಿಂಗ ದರ್ಶನ. 2009, 2013, 2020ರಲ್ಲಿ ಆ ದರ್ಶನವು ನಡೆದಾಗ ರಸ್ತೆ, ತಂಗುವ ಎಡೆ, ನೀರು ಇವುಗಳ ಮಾತು ದೊಡ್ಡದಾಗಿ, ಆಮೇಲೆ ಸಣ್ಣದಾಯಿತು. ಊರಿನ ಗದ್ದೆಯವನಿಗೆ ಮುಖ್ಯವಾದುದು ಕಾವೇರಿಗೆ ಅಡ್ಡಲಾಗಿರುವ ಮಾಧವಮಂತ್ರಿ ಅಣೆಕಟ್ಟು ಮತ್ತು ಅದರ ನಾಲೆ. ವಿಜಯನಗರದ ಕಾಲದ ಮಾಧವಮಂತ್ರಿಯ ಹೆಸರು ಅದಕ್ಕೆ ನಿಂತಿದೆ. ಮಳೆ ಕೈಕೊಟ್ಟ ವರ್ಷ ಮೇಲಿನ ಜಲಾಶಯಗಳಿಂದ ನೀರು ಎಷ್ಟು ಬರುವುದೋ ಅಷ್ಟೇ ನಾಲೆಗೆ. ಆ ಪ್ರಮಾಣದ ಹಿಂದೆ ಅಂತರರಾಜ್ಯದ ತೀರ್ಪುಗಳಿರುವುವು, ಸ್ಥಳೀಯ ಶಾಸಕನ ಕೈಯಲ್ಲಿಲ್ಲ. ಆದರೂ ನಾಲೆಯ ಹೂಳು ತೆಗೆದಿದೆಯೋ ಇಲ್ಲವೋ, ತೂಬು ಸರಿಯಾಗಿದೆಯೋ ಇಲ್ಲವೋ, ಕೊನೆಯ ಗದ್ದೆಗೆ ನೀರು ತಲುಪಿತೋ ಇಲ್ಲವೋ ಎಂಬುದು ರೈತನಿಗೆ ಪ್ರತ್ಯಕ್ಷ. ಗೆಲುವಿನ ಎಣಿಕೆಯು ಅನುಮಾನ. ಅದೂ ಇತರರ ಅನುಮಾನದ ಮೇಲೆ ನಿಂತ ಅನುಮಾನ. ಪ್ರತ್ಯಕ್ಷವು ಬಲವಾಗಿರುವ ಕಡೆ ಅನುಮಾನವು ಬಾಧಿತವಾಗುವುದೆಂಬ ನ್ಯಾಯ ಇಲ್ಲಿಯೂ ಸಲ್ಲುತ್ತದೆ.

ಪ್ರತ್ಯಕ್ಷದ ಜತೆಗೆ ಶಬ್ದಪ್ರಮಾಣವೂ ಸೇರುವುದು. ನಿಂತವನ ಭರವಸೆಯು ಶಬ್ದ. ಅದು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು. ಕಂಡದ್ದನ್ನು ಕಂಡಂತೆ ಹೇಳುವ ಇಚ್ಛೆಯುಳ್ಳವನು ಆಪ್ತನೆಂದು ನೈಯಾಯಿಕರು. ಹಳ್ಳಿಯವರು ಆಪ್ತನನ್ನು ಗುರುತಿಸುವ ಬಗೆ ಸರಳವಾಗಿದೆ: ನೆರೆ ಬಂದಾಗ ಬಂದನೆ? 2018, 2019ರ ಆಗಸ್ಟ್ ತಿಂಗಳುಗಳಲ್ಲಿ ಕಪಿಲೆಯು ಉಕ್ಕಿ ನಂಜನಗೂಡಿನ ತಗ್ಗುಗಳನ್ನು ತುಂಬಿತು. ಮಲ್ಲನಮೂಲೆಯ ಬಳಿ ಮೈಸೂರಿನ ಹೆದ್ದಾರಿಯೇ ಮುಳುಗಿತು. ಅಂತಹ ದಿನಗಳಲ್ಲಿ ಯಾರು ನೀರಿನಂಚಿಗೆ ಬಂದು ನಿಂತರು, ಯಾರು ದೂರದಿಂದ ಹೇಳಿಕೆ ಕೊಟ್ಟರು ಎಂಬುದನ್ನು ಜನರು ಬಹಳ ಕಾಲ ನೆನಪಿಡುವರು. ಮರಳು ಸಾಗಿಸುವ ಲಾರಿಗಳ ವಿಷಯದಲ್ಲಿ ಈ ಪರೀಕ್ಷೆ ಕಠಿಣವಾಗುತ್ತದೆ. ಏಕೆಂದರೆ ಅಲ್ಲಿ ಊರಿನವರಲ್ಲಿಯೇ ಲಾಭ ಪಡೆಯುವವರೂ ನಷ್ಟ ಹೊಂದುವವರೂ ಇರುವರು, ಯಾವ ಮಾತಾಡಿದರೂ ಒಂದು ಕಡೆ ಮುನಿಯುವುದು.

ಇದರಿಂದ ಒಂದು ತೊಡಕು ತೋರುತ್ತದೆ. ‘ಸ್ಥಳೀಯ’ವೆಂಬುದು ಒಂದಲ್ಲ. ನಾಲೆಯ ಮೊದಲ ಗದ್ದೆಯವನ ಸ್ಥಳೀಯವು ಕೊನೆಯ ಗದ್ದೆಯವನಿಗೆ ಎದುರು. ತಲಕಾಡಿನ ಹೋಬಳಿಗೆ ಬೇಕಾದುದು ಬನ್ನೂರಿಗೆ ಬೇಡವಾಗಿರಬಹುದು. ಹೀಗೆ ಅಗತ್ಯಗಳು ಹರಿದುಹಂಚಿದಾಗ ಅವುಗಳನ್ನು ಒಂದು ಕಡೆ ಕಟ್ಟುವ ಹಗ್ಗವಾಗಿ ಗೆಲುವಿನ ಎಣಿಕೆಯೇ ಒದಗುವುದು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಊರಿನ ಹಿತವು ಪ್ರಧಾನ, ಗೆಲುವು ಅದಕ್ಕೆ ಅಂಗ. ಅಂಗವಿಲ್ಲದೆ ಪ್ರಧಾನವು ಸಿದ್ಧಿಸದು. ಆದರೆ ಅಂಗಕ್ಕಾಗಿ ಪ್ರಧಾನವನ್ನು ಬಿಡುವವನನ್ನು ಯಾವ ಶಾಸ್ತ್ರವೂ ಒಪ್ಪಿಲ್ಲ. ಎರಡು ವಿಧಿಗಳು ಎದುರಾದಾಗ ಆದಷ್ಟು ಸಮುಚ್ಚಯವನ್ನೇ ಹಿಡಿಯಬೇಕು, ವಿಕಲ್ಪವು ಎಂಟು ದೋಷಗಳಿಂದ ಕೂಡಿದ್ದು ಎಂಬುದು ಅವರ ಮತ. ಬಹುಪಾಲು ಮತದಾರರು ಇದನ್ನು ಓದದೆಯೇ ಅನುಸರಿಸುತ್ತಾರೆ. ಒಪ್ಪಿಗೆಯಾದವನು ಗೆಲ್ಲುವಂತಿದ್ದರೆ ತಕರಾರಿಲ್ಲ; ಇಲ್ಲವಾದರೆ, ಗೆಲ್ಲುವಂತಿರುವ ಇಬ್ಬರಲ್ಲಿ ನಾಲೆಯ ಮಾತನ್ನು ಯಾರು ಹೆಚ್ಚು ಬಲ್ಲರೆಂದು ನೋಡುವರು. ಮನಸ್ಸಿಗೆ ಒಪ್ಪಿದವನನ್ನು ಪೂರ್ತಿಯಾಗಿ ಬಿಡುವವರು, ‘ಮತ ಹಾಳಾಗುತ್ತದೆ’ ಎಂಬ ಮಾತಿಗೆ ಹೆದರಿದವರು.

ಆ ಮಾತನ್ನು ಪರೀಕ್ಷಿಸಲು ದೂರ ಹೋಗಬೇಕಾದುದಿಲ್ಲ. ನೆರೆಯ ಚಾಮರಾಜನಗರ ಜಿಲ್ಲೆಯಲ್ಲಿ ಅಂದು ಇದ್ದ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರಲ್ಲಿ ಧ್ರುವನಾರಾಯಣರಿಗೆ 40,752, ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳು ಬಂದುವು. ಆ ದಿನ ಎಷ್ಟೋ ಮಂದಿ ‘ನನ್ನದೊಂದರಿಂದ ಏನಾದೀತು’ ಎಂದು ಮನೆಯಲ್ಲಿ ಉಳಿದಿರಬೇಕು; ಎಷ್ಟೋ ಮಂದಿ ಗೆಲ್ಲುವವನನ್ನು ಊಹಿಸಿ ತಮ್ಮ ಇಚ್ಛೆಯನ್ನು ಮಡಿಸಿಟ್ಟಿರಬೇಕು. ಊಹಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲವೆಂಬುದು ಎಣಿಕೆ ಮುಗಿದ ಮೇಲೆ ತಿಳಿಯಿತು.

ಈ ವಿಚಾರವನ್ನು ಮುಂದುವರಿಸಬಯಸುವ ವಿದ್ವಾಂಸರಿಗೆ ಒಳ್ಳೆಯ ಸಾಮಗ್ರಿಯೊಂದಿದೆ. ಪ್ರತಿ ಚುನಾವಣೆಯ ಬಳಿಕ ಮತಗಟ್ಟೆ ಮತಗಟ್ಟೆಗೆ ಯಾರಿಗೆ ಎಷ್ಟು ಮತ ಬಿದ್ದಿತೆಂಬುದನ್ನು 20ನೆಯ ನಮೂನೆಯ ಪಟ್ಟಿಯಲ್ಲಿ ಕೊಡುವರು. 2013, 2018, 2023ರ ನರಸೀಪುರದ ಪಟ್ಟಿಗಳನ್ನು ತೆಗೆದುಕೊಂಡು, ಮಾಧವಮಂತ್ರಿ ನಾಲೆಯ ನಕ್ಷೆಯ ಪಕ್ಕದಲ್ಲಿಟ್ಟು, ನಾಲೆಯ ತಲೆಯ ಹಳ್ಳಿಗಳೂ ಬಾಲದ ಹಳ್ಳಿಗಳೂ ಮಳೆಯನ್ನೇ ನಂಬಿದ ಬೆದ್ದಲಿನ ಹಳ್ಳಿಗಳೂ ಒಂದೇ ದಿಕ್ಕಿಗೆ ತಿರುಗಿದುವೋ ಬೇರೆ ಬೇರೆ ದಿಕ್ಕಿಗೋ ಎಂದು ನೋಡಬೇಕು. ಮೂರೂ ಬಗೆಯ ಹಳ್ಳಿಗಳು ಒಂದೇ ಪ್ರಮಾಣದಲ್ಲಿ ತಿರುಗಿದ್ದರೆ ಅದು ಗಾಳಿಯ ಕೆಲಸ; ನಾಲೆಯ ಬಾಲ ಮಾತ್ರ ಬೇರೆಯಾಗಿ ತಿರುಗಿದ್ದರೆ ನೀರಿನ ಕೆಲಸ.